ಬ್ಯಾನಿಯ ಲೆಕ್ಕ: ರೋಗಲಕ್ಷಣ ಬರೆದಿಟ್ಟವರ ಕಥೆ

ಕಿತ್ತೂರಿನ ಸಮೀಪದ ದೇಗಾಂವಕ್ಕೆ ಶಾಲೆಯ ಪ್ರವಾಸದಲ್ಲಾದರೂ ನೀವು ಒಮ್ಮೆ ಹೋಗಿರುತ್ತೀರಿ. ಅಲ್ಲಿನ ಕಮಲನಾರಾಯಣ ಗುಡಿ 12ನೆಯ ಶತಮಾನದ್ದು. ಗೋವೆಯ ಕದಂಬರ ರಾಣಿ ಕಮಲಾದೇವಿ ಅದನ್ನು ಕಟ್ಟಿಸಿದಳು. ಶಿಲ್ಪಿಯ ಹೆಸರು ತಿಪ್ಪೋಜ. ಎಂಟು ನೂರು ವರ್ಷಗಳ ಹಿಂದೆ ಕಲ್ಲು ಕಡೆದವನ ಹೆಸರು ನಮಗೆ ಗೊತ್ತು, ಕಡೆಸಿದವಳ ಹೆಸರೂ ಗೊತ್ತು. ಆ ಕಾಲದ ಶಾಸನಗಳನ್ನು ಓದಿದರೆ ದಾನ ಕೊಟ್ಟ ಭೂಮಿ, ಅದರ ಮೇರೆ, ದಾನ ಪಡೆದವರು, ದಾನ ಕೆಡಿಸಿದವರಿಗೆ ಶಾಪ, ಎಲ್ಲವೂ ಇರುತ್ತವೆ. ಆದರೆ ಅದೇ ಊರಿನಲ್ಲಿ ಚೊಚ್ಚಲ ಹೆರಿಗೆಯಲ್ಲಿ ಕೈಕಾಲು ಸೆಟೆದು ಪ್ರಾಣ ಬಿಟ್ಟ ಹೆಣ್ಣುಮಗಳ ಸಂಗತಿ ಯಾವ ಕಲ್ಲಿನ ಮೇಲೂ ಇಲ್ಲ. ಅವಳಿಗೆ ಎಷ್ಟು ದಿನದಿಂದ ತಲೆನೋವು ಇತ್ತು, ಮುಖ ಯಾವಾಗ ಊದಿತು, ಕಣ್ಣು ಯಾವಾಗ ಮಂಜಾಯಿತು ಎಂದು ಯಾರೂ ಬರೆಯಲಿಲ್ಲ. ಇಂಥ ಹೆಣ್ಣುಮಕ್ಕಳ ತಲೆನೋವನ್ನು ಬರೆದಿಡುವ ಕೆಲಸ ನಮ್ಮ ಜಿಲ್ಲೆಯಲ್ಲಿ ಕ್ರಮವಾಗಿ ನಡೆದದ್ದು 2014ರ ನಂತರ, ಅದೂ ಮೊಬೈಲ್ ಫೋನಿನಲ್ಲಿ. ಈ ಲೇಖನ ಆ ಕೆಲಸದ ಬಗ್ಗೆ. ಆದರೆ ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು, ಏಕೆಂದರೆ ರೋಗಲಕ್ಷಣವನ್ನು ಕೇಳಿ ಬರೆದುಕೊಳ್ಳುವ ಪದ್ಧತಿ ಫೋನಿನೊಂದಿಗೆ ಹುಟ್ಟಿದ್ದಲ್ಲ.

ಮೊದಲು ನಮ್ಮ ಬಾಯಿಮಾತನ್ನೇ ಗಮನಿಸಿ. ಬೈಲಹೊಂಗಲದ ಸಂತೆಯಲ್ಲಿ ಇಬ್ಬರು ಎದುರಾದರೆ 'ಆರಾಮ ಅದೀರಿ?' ಎನ್ನುತ್ತಾರೆ. ಆರಾಮ ಎಂಬುದು ಫಾರಸಿ ಶಬ್ದ. ಮೈಗೆ ಹುಷಾರಿಲ್ಲದಿದ್ದರೆ 'ತಬ್ಯೇತಿ ಬರೋಬರಿ ಇಲ್ಲ' ಎನ್ನುತ್ತೇವೆ. ಅದು ಅರಬ್ಬಿಯ ತಬೀಅತ್, ಅಂದರೆ ಸ್ವಭಾವ, ದೇಹಪ್ರಕೃತಿ. ಉರ್ದುವಿನಲ್ಲಿ ಹಿರಿಯರು 'ಮಿಜಾಜ್ ಶರೀಫ್?' ಎಂದು ಕೇಳುತ್ತಾರೆ. ಮಿಜಾಜ್ ಎಂದರೆ ಮಿಶ್ರಣ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಈ ನಾಲ್ಕರ ಹದವೇ ಆರೋಗ್ಯ ಎಂದು ಯುನಾನಿ ವೈದ್ಯರು ಹೇಳುತ್ತಿದ್ದರು. ಹಾಗಾಗಿ 'ಮಿಜಾಜ್ ಹೇಗಿದೆ' ಎಂಬ ಸೌಜನ್ಯದ ಮಾತು ಮೂಲದಲ್ಲಿ ಹಕೀಮರು ರೋಗಿಗೆ ಕೇಳುವ ಪ್ರಶ್ನೆ. ದಿನಕ್ಕೆ ಹತ್ತು ಬಾರಿ ನಾವು ಪರಸ್ಪರ ರೋಗಲಕ್ಷಣ ವಿಚಾರಿಸುತ್ತೇವೆ, ಉತ್ತರಕ್ಕೆ ಮಾತ್ರ ಕಾಯುವುದಿಲ್ಲ!

ಉತ್ತರಕ್ಕೆ ಕಾದವರಲ್ಲಿ ಪ್ರಮುಖರು ಅಬೂಬಕರ್ ಮುಹಮ್ಮದ್ ಬಿನ್ ಜಕರಿಯಾ ಅಲ್-ರಾಜಿ. ಇರಾನಿನ ರಯ್ ಪಟ್ಟಣದಲ್ಲಿ ಸುಮಾರು 865ರಲ್ಲಿ ಹುಟ್ಟಿದವರು. ಸಿಡುಬು ಮತ್ತು ದಡಾರವನ್ನು ಬೇರೆ ಬೇರೆ ರೋಗಗಳೆಂದು ವಿವರಿಸಿ ಗ್ರಂಥ ಬರೆದವರು ಎಂದು ಪಠ್ಯಪುಸ್ತಕಗಳಲ್ಲಿ ನೀವು ಓದಿರಬಹುದು. ಅದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅವರ ಇನ್ನೊಂದು ಅಭ್ಯಾಸ. ಬಂದ ರೋಗಿ ಯಾರು, ಏನು ಹೇಳಿದ, ಎಷ್ಟನೆಯ ದಿನ ಜ್ವರ ಏರಿತು, ಏನು ಕೊಟ್ಟೆ, ಏನಾಯಿತು ಎಂದು ಅವರು ಟಿಪ್ಪಣಿ ಇಡುತ್ತಿದ್ದರು. ಶಿಷ್ಯರು ಕೂಡಿಸಿಟ್ಟ ಅಂಥ ಒಂದು ಸಂಗ್ರಹದಲ್ಲಿ ಸುಮಾರು 900 ರೋಗಿಗಳ ವೃತ್ತಾಂತಗಳಿವೆ. ಅವರ ಮರಣಾನಂತರ ಶಿಷ್ಯರು ಜೋಡಿಸಿದ 'ಅಲ್-ಹಾವಿ' ಎಂಬ ಬೃಹತ್ ಗ್ರಂಥ 1279ರಲ್ಲಿ ಲ್ಯಾಟಿನ್ನಿಗೆ ಅನುವಾದವಾಯಿತು. ಅದೇ ಗ್ರಂಥದಲ್ಲಿ ಒಂದು ಕಡೆ ಅವರು ಹೇಳುತ್ತಾರೆ: ಮಿದುಳಿನ ಬಾವಿನ ಲಕ್ಷಣ ಕಂಡ ಒಂದು ಗುಂಪಿಗೆ ರಕ್ತ ತೆಗೆಸಿದೆ, ಇನ್ನೊಂದು ಗುಂಪಿಗೆ ಬೇಕೆಂದೇ ತೆಗೆಸಲಿಲ್ಲ, ಎರಡನ್ನೂ ಹೋಲಿಸಿ ನೋಡಿದೆ ಎಂದು. ಈ ಎರಡು ಗುಂಪಿನ ಮಾತನ್ನು ನೆನಪಿನಲ್ಲಿಡಿ. ಬೆಳಗಾವಿಯ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ನಂತರದ ಶತಮಾನಗಳಲ್ಲಿ ಯುರೋಪಿನಲ್ಲಿ ಲಕ್ಷಣಕ್ಕೆ ಅಂಕಿ ಬಂತು. 1707ರಲ್ಲಿ ಜಾನ್ ಫ್ಲಾಯರ್ ನಾಡಿ ಎಣಿಸಲು ವಿಶೇಷ ಗಡಿಯಾರದ ಬಗ್ಗೆ ಬರೆದರು. 1868ರಲ್ಲಿ ಜರ್ಮನಿಯ ವುಂಡರ್ಲಿಶ್ ಸಾವಿರಾರು ರೋಗಿಗಳ ಜ್ವರವನ್ನು ಥರ್ಮಾಮೀಟರಿನಿಂದ ಅಳೆದು ಗ್ರಂಥ ಪ್ರಕಟಿಸಿದರು. ಆಸ್ಪತ್ರೆಯ ಮಂಚಕ್ಕೆ ತೂಗುಹಾಕುವ ಜ್ವರದ ಚಾರ್ಟಿಗೆ ಅವರೇ ಮೂಲಪುರುಷರು. 1843ರಲ್ಲಿ ಲಂಡನ್ನಿನ ಜಾನ್ ಲೀವರ್ ಸೆಟೆತ ಬಂದ ಗರ್ಭಿಣಿಯರ ಮೂತ್ರವನ್ನು ಪರೀಕ್ಷಿಸಿ ಅದರಲ್ಲಿ ಪ್ರೋಟೀನು ಇರುವುದನ್ನು ಕಂಡರು. 1896ರಲ್ಲಿ ಇಟಲಿಯ ರಿವಾ-ರೋಚಿ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವ ಉಪಕರಣ ಮಾಡಿದರು. 1905ರಲ್ಲಿ ರಷ್ಯಾದ ಕೊರೊಟ್ಕೊವ್ ಸ್ಟೆತೊಸ್ಕೋಪಿನಿಂದ ಶಬ್ದ ಆಲಿಸಿ ಮೇಲಿನ ಅಂಕಿ ಕೆಳಗಿನ ಅಂಕಿ ಎರಡನ್ನೂ ಹೇಳುವ ವಿಧಾನ ತೋರಿಸಿದರು. ತಲೆನೋವು, ಮೂತ್ರದ ಪ್ರೋಟೀನು, ರಕ್ತದೊತ್ತಡ: ಬಸುರಿಯನ್ನು ಕಾಪಾಡಲು ಬೇಕಾದ ಮೂರೂ ಸಂಗತಿಗಳು 1905ರ ಹೊತ್ತಿಗೆ ವೈದ್ಯಲೋಕಕ್ಕೆ ಗೊತ್ತಿದ್ದವು. ಆದರೆ ಅವು ಹಳ್ಳಿಯ ಹೊಸ್ತಿಲು ದಾಟಿ ಒಳಗೆ ಬರಲು ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ನಮ್ಮ ಭಾಗಕ್ಕೆ ಮೊದಲು ಬಂದದ್ದು ಬೇರೆ ರೀತಿಯ ತಪಾಸಣೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಬೆಳಗಾವಿ, ಧಾರವಾಡ ಎರಡೂ ಆಗ ಮುಂಬಯಿ ಪ್ರಾಂತದ ಜಿಲ್ಲೆಗಳು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಸಾಲಾಗಿ ನಿಲ್ಲಿಸಿ ಜ್ವರ ಇದೆಯೇ, ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ಗಡ್ಡೆ ಇದೆಯೇ ಎಂದು ಮುಟ್ಟಿ ನೋಡುತ್ತಿದ್ದರು. ಮನೆಗೆ ನುಗ್ಗಿ ಹುಡುಕುತ್ತಿದ್ದರು. ಹೆಂಗಸರನ್ನು ಪರಪುರುಷರು ಹೀಗೆ ತಪಾಸಣೆ ಮಾಡುವುದನ್ನು ಹಿಂದೂಗಳೂ ಮುಸಲ್ಮಾನರೂ ಒಂದೇ ದನಿಯಲ್ಲಿ ವಿರೋಧಿಸಿದರು. ಪುಣೆಯಲ್ಲಿ ಸಿಟ್ಟು ಎಷ್ಟರಮಟ್ಟಿಗೆ ಏರಿತೆಂದರೆ 1897ರ ಜೂನ್ 22ರಂದು ಪ್ಲೇಗು ಅಧಿಕಾರಿ ರ‍್ಯಾಂಡ್ ಗುಂಡಿಗೆ ಗುರಿಯಾದ. ಜನ ರೋಗಿಗಳನ್ನು ಬಚ್ಚಿಟ್ಟರು, ಸತ್ತವರನ್ನು ರಾತ್ರಿಯಲ್ಲಿ ಸಾಗಿಸಿದರು. ಸರ್ಕಾರದ ವಹಿಯಲ್ಲಿ ಸಂಖ್ಯೆಗಳಿದ್ದವು, ಆದರೆ ಅವು ನಿಜವಾದ ಸಂಖ್ಯೆಗಳಾಗಿರಲಿಲ್ಲ. ಇದಕ್ಕೆ ವಿರುದ್ಧವಾಗಿ 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಮಿತಿಮೀರಿದಾಗ ಹಾಫ್ಕಿನ್ ಸಾಹೇಬರ ಲಸಿಕೆಯನ್ನು ಊರಿನ ಬಹುಪಾಲು ಜನ ಹಾಕಿಸಿಕೊಂಡರು. ಅದೇ ಕಾಯಿಲೆ, ಅದೇ ಸರ್ಕಾರ, ಹೆಚ್ಚುಕಡಿಮೆ ಅದೇ ಕಾಲ. ಒಂದು ಕಡೆ ಜನ ಮೈ ಮುಚ್ಚಿಕೊಂಡರು, ಇನ್ನೊಂದು ಕಡೆ ತೋಳು ಮುಂದೆ ಮಾಡಿದರು. ಲಕ್ಷಣ ಕೇಳುವವನು ಯಾವ ಮುಖ ಹೊತ್ತು ಬರುತ್ತಾನೆ ಎಂಬುದರ ಮೇಲೆ ಉತ್ತರ ನಿಂತಿರುತ್ತದೆ ಎಂದು ನನಗೆ ಅನ್ನಿಸುವುದು ಇದನ್ನು ಓದಿದಾಗ.

ಇನ್ನು ಬಾಣಂತಿಯರ ವಿಷಯ. 2001-03ರ ಅವಧಿಯಲ್ಲಿ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. ಇದು ಸರ್ಕಾರದ ಮಾದರಿ ನೋಂದಣಿ ಸಮೀಕ್ಷೆಯ ಅಂಕಿ. ಸಾವಿನ ಕಾರಣಗಳಲ್ಲಿ ಮೊದಲನೆಯದು ಹೆರಿಗೆಯ ನಂತರದ ರಕ್ತಸ್ರಾವ. ಮುಖ್ಯ ಕಾರಣಗಳಲ್ಲಿ ರಕ್ತದೊತ್ತಡದ ತೊಂದರೆಯೂ ಒಂದು.

ರಕ್ತಸ್ರಾವದ ಬಗ್ಗೆ ಬೆಳಗಾವಿಯಲ್ಲಿ ನಡೆದ ಕೆಲಸ ಲೋಕಪ್ರಸಿದ್ಧವಾದದ್ದು, ಆದರೆ ಬೆಳಗಾವಿಯವರಾದ ನಮಗೇ ಅದು ಅಷ್ಟಾಗಿ ಗೊತ್ತಿಲ್ಲ. ಕೆಎಲ್ಇ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1620 ಮಹಿಳೆಯರ ಅಧ್ಯಯನ ಮಾಡಿದರು. ಹೆರಿಗೆ ಮಾಡಿಸಿದವರು ಆರೋಗ್ಯ ಸಹಾಯಕಿಯರು, ಅಂದರೆ ನಮ್ಮ ಹಳ್ಳಿಯ ನರ್ಸಬಾಯಿಯರು. ಹೆರಿಗೆಯಾದ ಕೂಡಲೇ ಅರ್ಧದಷ್ಟು ಬಾಣಂತಿಯರಿಗೆ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದರ್ಧಕ್ಕೆ ನೋಡಲು ಅದೇ ರೀತಿಯ ಆದರೆ ಔಷಧವಿಲ್ಲದ ಗುಳಿಗೆ. ಗುಳಿಗೆ ನುಂಗಿದವರಲ್ಲಿ ಅತಿ ರಕ್ತಸ್ರಾವ 12 ಶೇಕಡಾದಿಂದ 6.4 ಶೇಕಡಾಕ್ಕೆ ಇಳಿದಿತ್ತು. ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇದರಲ್ಲಿ ಗುಳಿಗೆಯಷ್ಟೇ ಮುಖ್ಯವಾದ ಇನ್ನೊಂದು ವಸ್ತುವಿತ್ತು. ಬಾಣಂತಿಯ ಅಡಿಗೆ ಹಾಸುವ ಪ್ಲಾಸ್ಟಿಕ್ ಹಾಳೆ, ತುದಿಯಲ್ಲಿ ಚೀಲದಂತೆ ಇಳಿದು ಅದರ ಮೇಲೆ ಅಳತೆಯ ಗೆರೆಗಳು. 'ಭಾಳ ಹೋತು', 'ಅಷ್ಟೇನಿಲ್ಲ' ಎಂಬ ಕಣ್ಣಳತೆಯ ಜಾಗಕ್ಕೆ ಮಿಲಿಲೀಟರು ಬಂತು. ಫೋನಿಲ್ಲ, ಕರೆಂಟಿಲ್ಲ, ಒಂದು ಹಾಳೆ ಅಷ್ಟೆ.

ರಕ್ತದೊತ್ತಡದ ತೊಂದರೆಗೆ ಇಷ್ಟು ಸರಳ ಉಪಾಯ ಸಿಗಲಿಲ್ಲ. ಹರಿಯುವ ರಕ್ತ ಕಣ್ಣಿಗೆ ಕಾಣುತ್ತದೆ, ಏರಿದ ಒತ್ತಡ ಕಾಣುವುದಿಲ್ಲ. ಐದು ತಿಂಗಳು ದಾಟಿದ ಬಸುರಿಗೆ ಒತ್ತಡ 140/90ಕ್ಕಿಂತ ಮೇಲೇರಿ, ಮೂತ್ರದಲ್ಲಿ ಪ್ರೋಟೀನು ಹೋಗತೊಡಗಿದರೆ ವೈದ್ಯರು ಅದನ್ನು ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ಅದು ವಿಕೋಪಕ್ಕೆ ಹೋಗಿ ಸೆಟೆತ ಬಂದರೆ ಎಕ್ಲಾಂಪ್ಸಿಯಾ. ನಮ್ಮ ಭಾಗದ ಹಳ್ಳಿಗಳಲ್ಲಿ ಇದಕ್ಕೆ ಏನೆನ್ನುತ್ತಾರೆ? ಗ್ರಾಮೀಣ ಕರ್ನಾಟಕದಲ್ಲಿ ಸಂಶೋಧಕರು ಗುಂಪು ಗುಂಪಾಗಿ ಜನರನ್ನು ಕೂಡಿಸಿ ಕೇಳಿ 2016ರಲ್ಲಿ ಪ್ರಕಟಿಸಿದ ವರದಿ ಇದೆ. ಸೆಟೆತಕ್ಕೆ ಕನ್ನಡದಲ್ಲಿ ಮಾತಿದೆ, ಒತ್ತಡಕ್ಕೂ ಮಾತಿದೆ, ಆದರೆ ಬಸುರಿಗೇ ಬರುವ ಈ ಕಾಯಿಲೆಗೆಂದು ಪ್ರತ್ಯೇಕ ಹೆಸರಿಲ್ಲ ಎಂದು ಅದು ಹೇಳುತ್ತದೆ. ಚಿಂತೆಯಿಂದ, ಊಟ ಸರಿಯಿಲ್ಲದ್ದರಿಂದ ಒತ್ತಡ ಏರುತ್ತದೆ ಎಂದು ಜನ ಹೇಳಿದರು. ಬೆಂಕಿಯ ಹತ್ತಿರ, ನೀರಿನ ಹತ್ತಿರ ಹೋದದ್ದರಿಂದ ಸೆಟೆತ ಬರುತ್ತದೆ ಎಂದೂ ಹೇಳಿದರು. ಸೆಟೆತ ಬಂದಾಗ ಆಸ್ಪತ್ರೆಗೆ ಒಯ್ಯುವ ಮೊದಲು ಉಳ್ಳಾಗಡ್ಡಿ ಮೂಸಿಸುವುದು, ಕೈಗೆ ಕಬ್ಬಿಣ ಕೊಡುವುದು, ಕೈಕಾಲಿನ ಬೆರಳು ಹಿಂಡುವುದು ರೂಢಿಯಲ್ಲಿತ್ತು. ನಗಬೇಡಿ. ಕೈಗೆ ಕಬ್ಬಿಣ ಕೊಡುವುದನ್ನು ನಮ್ಮ ನಿಮ್ಮ ಮನೆಗಳಲ್ಲಿ ಎಲ್ಲರೂ ನೋಡಿದ್ದೇವೆ. ಮುಖ್ಯ ಸಂಗತಿ ಎಂದರೆ ಅದೇ ಜನ ಮುಖ ಊದುವುದು, ತಲೆ ಸುತ್ತುವುದು, ಬೆವರುವುದು, ಸುಸ್ತಾಗುವುದು ಒತ್ತಡದ ಗುರುತುಗಳೆಂದೂ, ಅದರಿಂದ ಸಾವೂ ಬರಬಹುದೆಂದೂ ಹೇಳಿದ್ದರು. ಅಂದರೆ ಲಕ್ಷಣ ಕಂಡಿತ್ತು. ಅದನ್ನು ಯಾರಿಗೆ, ಯಾವಾಗ ಹೇಳಬೇಕು ಎಂಬ ದಾರಿ ಇರಲಿಲ್ಲ.

ಈ ದಾರಿ ಹುಡುಕಲು ಬಂದದ್ದೇ ಮೊಬೈಲ್ ಆ್ಯಪ್. ಕೆನಡಾದ ವ್ಯಾಂಕೂವರಿನಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯರು ಮೊದಲು ಒಂದು ಲೆಕ್ಕಸೂತ್ರ ಮಾಡಿದರು. ಫಿಜಿ, ಯುಗಾಂಡ, ದಕ್ಷಿಣ ಆಫ್ರಿಕ, ಬ್ರೆಜಿಲ್, ಪಾಕಿಸ್ತಾನ ಈ ಐದು ದೇಶಗಳ 2081 ಮಹಿಳೆಯರ ವಿವರಗಳಿಂದ ತೆಗೆದದ್ದು ಅದು. 2014ರ ಜನವರಿಯಲ್ಲಿ ಪ್ರಕಟವಾಯಿತು. ಇದರಲ್ಲಿ ದುಬಾರಿ ರಕ್ತಪರೀಕ್ಷೆ ಇಲ್ಲ. ಇದು ಎಷ್ಟನೆಯ ಹೆರಿಗೆ, ಎಷ್ಟು ವಾರ ತುಂಬಿವೆ, ತಲೆನೋವು ಅಥವಾ ಕಣ್ಣು ಮಂಜಾಗುವುದು ಇದೆಯೇ, ಎದೆನೋವು ಅಥವಾ ಉಬ್ಬಸ ಇದೆಯೇ, ಹೊಟ್ಟೆನೋವಿನ ಜೊತೆ ರಕ್ತ ಹೋಗುತ್ತಿದೆಯೇ, ಮೇಲಿನ ರಕ್ತದೊತ್ತಡ ಎಷ್ಟು, ಮೂತ್ರದಲ್ಲಿ ಅದ್ದಿದ ಪಟ್ಟಿಯ ಬಣ್ಣ ಏನು. ಇಷ್ಟನ್ನು ತುಂಬಿದರೆ ಮುಂದಿನ ಎರಡು ದಿನಗಳಲ್ಲಿ ಈ ತಾಯಿಗೆ ಗಂಡಾಂತರ ಬರುವ ಸಾಧ್ಯತೆ ಎಷ್ಟು ಎಂದು ಫೋನು ಲೆಕ್ಕ ಹಾಕುತ್ತದೆ. ಲೀವರ್, ರಿವಾ-ರೋಚಿ ಇಬ್ಬರೂ ಒಂದೇ ಜೇಬಿನಲ್ಲಿ ಕೂತಂತೆ! ಒಂದೊಂದು ಲಕ್ಷಣ ಬಿಡಿಯಾಗಿ ಹೆಚ್ಚೇನೂ ಹೇಳುವುದಿಲ್ಲ. ತಲೆನೋವು ಯಾರಿಗಿಲ್ಲ? ಆದರೆ ತಲೆನೋವು, ಏರಿದ ಒತ್ತಡ, ಪಟ್ಟಿಯ ಬಣ್ಣ ಮೂರೂ ಕೂಡಿದಾಗ ಅರ್ಥವೇ ಬೇರೆ. ಹೀಗೆ ಕೂಡಿಸಿ ತೂಗುವುದು ಅನುಭವಿ ವೈದ್ಯರ ಕೆಲಸ. ಆ ತೂಕವನ್ನು ಆ್ಯಪ್ ಹಳ್ಳಿಯ ಕಾರ್ಯಕರ್ತೆಯ ಕೈಗೆ ಕೊಟ್ಟಿತು.

2014ರ ನವೆಂಬರಿನಿಂದ 2016ರ ಅಕ್ಟೋಬರ್‌ವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಇದರ ಪರೀಕ್ಷೆ ನಡೆಯಿತು. ಬೆಳಗಾವಿಯ ಅದೇ ವೈದ್ಯಕೀಯ ಮಹಾವಿದ್ಯಾಲಯ ಇದನ್ನು ನಡೆಸಿತು. ಒಟ್ಟು 12 ವಲಯಗಳು, 14 ಸಾವಿರಕ್ಕೂ ಹೆಚ್ಚು ಗರ್ಭಿಣಿಯರು. ಚೀಟಿ ಎತ್ತಿದಂತೆ ಕೆಲವು ವಲಯಗಳಿಗೆ ಆ್ಯಪ್ ಕೊಟ್ಟರು, ಉಳಿದವುಗಳಲ್ಲಿ ಎಂದಿನ ಸೇವೆ ಮುಂದುವರಿಯಿತು. ಅಲ್-ರಾಜಿಯವರ ಎರಡು ಗುಂಪು ಇಲ್ಲಿ ಊರೂರುಗಳಾಗಿ ಬಂದವು. ಆ್ಯಪ್ ಇದ್ದ ಊರುಗಳಲ್ಲಿ ಆರೋಗ್ಯ ಸಹಾಯಕಿಯರೂ ಆಶಾ ಕಾರ್ಯಕರ್ತೆಯರೂ ಬಸುರಿಯ ಮನೆಗೇ ಹೋಗಿ ಒತ್ತಡ ಅಳೆದರು, ಚಿತ್ರಗಳಿರುವ ಪರದೆಯ ಮೇಲೆ ಲಕ್ಷಣಗಳನ್ನು ಒತ್ತಿದರು. ಒತ್ತಡ 160 ಮುಟ್ಟಿದರೆ ಮಿಥೈಲ್‌ಡೋಪಾ ಗುಳಿಗೆ, ಗಂಡಾಂತರ ಹತ್ತಿರವಿದೆ ಎಂದರೆ ಮೆಗ್ನೀಶಿಯಂ ಸಲ್ಫೇಟ್ ಚುಚ್ಚುಮದ್ದು, ನಂತರ ಆಸ್ಪತ್ರೆಗೆ. ತುರ್ತಾದರೆ ನಾಲ್ಕು ತಾಸಿನೊಳಗೆ, ಇಲ್ಲವಾದರೆ ಒಂದು ದಿನದೊಳಗೆ. ಊರಿನ ಹಿರಿಯರು, ಅತ್ತೆಯಂದಿರು, ಗಂಡಂದಿರ ಸಭೆ ಸೇರಿಸಿ ಸೂಚನೆಗಳನ್ನು ತಿಳಿಸುವುದೂ ಇದರ ಭಾಗವಾಗಿತ್ತು. ಅತ್ತೆಯಂದಿರನ್ನು ಸೇರಿಸಿದ್ದು ನನ್ನ ಮಟ್ಟಿಗೆ ಇಡೀ ಯೋಜನೆಯ ಜಾಣ ಅಂಶ. ಬಸುರಿ ಯಾವಾಗ ಹೊರಡಬೇಕು ಎಂದು ನಿರ್ಧರಿಸುವವರು ಅವರೇ ಅಲ್ಲವೇ?

ಫಲಿತಾಂಶ ಏನಾಯಿತು? ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ತಾಯಿ-ಮಗುವಿನ ಸಾವು ಮತ್ತು ತೀವ್ರ ತೊಂದರೆಗಳನ್ನು ಒಟ್ಟಾಗಿ ಎಣಿಸಿ ನೋಡಿದರೆ ಆ್ಯಪ್ ಇದ್ದ ಊರುಗಳಿಗೂ ಇಲ್ಲದ ಊರುಗಳಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಇದೇ ಪರೀಕ್ಷೆ ಪಾಕಿಸ್ತಾನದ ಸಿಂಧ್ ಮತ್ತು ಆಫ್ರಿಕದ ಮೊಜಾಂಬಿಕ್‌ನಲ್ಲೂ ನಡೆದಿತ್ತು. ಮೂರೂ ದೇಶ ಸೇರಿ 44 ವಲಯ, 69,330 ಗರ್ಭಿಣಿಯರು. 2020ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಒಟ್ಟು ಲೆಕ್ಕದಲ್ಲೂ ಮುಖ್ಯ ಪ್ರಶ್ನೆಗೆ ಉತ್ತರ ಅದೇ: ವ್ಯತ್ಯಾಸವಿಲ್ಲ. ಜಾಹೀರಾತು ನೋಡಿ ಆ್ಯಪ್ ಇಳಿಸಿಕೊಳ್ಳುವ ನಮಗೆ ಇದು ತಣ್ಣೀರು ಎರಚಿದಂತೆ. ಆದರೆ ಹದಿನಾಲ್ಕು ಸಾವಿರ ಜನರ ಮೇಲೆ ಎರಡು ವರ್ಷ ದುಡಿದು, 'ನಾವು ಅಂದುಕೊಂಡಂತೆ ಆಗಲಿಲ್ಲ' ಎಂದು ಜಗತ್ತಿನ ಮುಂದೆ ಬರೆದವರನ್ನು ನಾನು ಗೌರವಿಸುತ್ತೇನೆ.

ಆ ಲೆಕ್ಕದೊಳಗೆ ಇನ್ನೊಂದು ಲೆಕ್ಕವಿತ್ತು. ಆ್ಯಪ್ ಹಿಡಿದ ಕಾರ್ಯಕರ್ತೆ ಎಂಟು ಅಥವಾ ಹೆಚ್ಚು ಬಾರಿ ಮನೆಗೆ ಬಂದ ತಾಯಂದಿರಲ್ಲಿ, ಒಮ್ಮೆಯೂ ಬಾರದವರಿಗೆ ಹೋಲಿಸಿದರೆ, ಸತ್ತು ಹುಟ್ಟಿದ ಶಿಶುಗಳು ಬಹಳ ಕಡಿಮೆ. ಇದನ್ನು ಓದಿ ಹಿಗ್ಗುವ ಮೊದಲು ಒಂದು ಎಚ್ಚರಿಕೆ ಬೇಕು. ಬಸಿರು ಬೇಗ ಕೊನೆಗೊಂಡವಳಿಗೆ ಎಂಟು ಭೇಟಿಯ ಅವಕಾಶವೇ ಇರುವುದಿಲ್ಲ. ಒಂಬತ್ತು ತಿಂಗಳು ಕ್ಷೇಮವಾಗಿ ತುಂಬಿದವಳಿಗೆ ತಾನಾಗಿಯೇ ಭೇಟಿಗಳು ಹೆಚ್ಚು. ಹಾಗಾಗಿ ಭೇಟಿಯಿಂದಲೇ ಮಗು ಉಳಿಯಿತು ಎಂದು ಪೂರ್ತಿ ಹೇಳಲಾಗದು. ಆದರೂ 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬೇರೆ ಆಧಾರಗಳ ಮೇಲೆ ಗರ್ಭಿಣಿಗೆ ಕನಿಷ್ಠ ಎಂಟು ತಪಾಸಣೆ ಬೇಕೆಂದಿತ್ತು. ಎರಡೂ ಎಂಟೇ ಆದದ್ದು ಯೋಚಿಸತಕ್ಕ ಸಂಗತಿ. ಭೇಟಿಗಳು ಹಲವೆಡೆ ಉದ್ದೇಶಿಸಿದಷ್ಟು ಆಗಿರಲಿಲ್ಲ ಎಂಬುದೂ ವರದಿಯಲ್ಲಿದೆ. ಮತ್ತೆ, ಫೋನು 'ಆಸ್ಪತ್ರೆಗೆ ಒಯ್ಯಿರಿ' ಎಂದು ಹೇಳಬಹುದು. ಒಯ್ದ ಮೇಲೆ ಅಲ್ಲಿ ವೈದ್ಯರಿರಬೇಕು, ರಕ್ತ ಇರಬೇಕು, ಶಸ್ತ್ರಚಿಕಿತ್ಸೆಯ ಕೋಣೆ ತೆರೆದಿರಬೇಕು. ಸಮುದಾಯದ ಕೆಲಸದ ಜೊತೆಗೇ ಆಸ್ಪತ್ರೆಗಳೂ ಸುಧಾರಿಸಬೇಕೆಂದು ಸಂಶೋಧಕರೇ ಬರೆದರು.

ಈ ನಡುವೆ ರಾಜ್ಯದ ಅಂಕಿ ಇಳಿಯಿತು. 228 ಇದ್ದದ್ದು 2018-20ರಲ್ಲಿ 69ಕ್ಕೆ ಬಂತು. ಯಾವ ಆ್ಯಪಿನಿಂದ? ಯಾವುದರಿಂದಲೂ ಅಲ್ಲ ಎನ್ನಬಹುದು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆಶಾ ಕಾರ್ಯಕರ್ತೆಯರು ಬಂದರು, 2008ರ ನವೆಂಬರಿನಲ್ಲಿ 108 ಆಂಬುಲೆನ್ಸ್ ಬಂತು, ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋಯಿತು, ತಾಯಿ ಕಾರ್ಡು ಪ್ರತಿ ಮನೆಯ ಗೋಡೆಯ ಮೊಳೆಗೆ ಬಂತು. ಆ ಕಾರ್ಡನ್ನು ನೀವು ತೆಗೆದು ನೋಡಿದ್ದೀರಾ? ತೂಕ, ಒತ್ತಡ, ರಕ್ತದ ಪ್ರಮಾಣ, ಮೂತ್ರ ಎಲ್ಲಕ್ಕೂ ಮನೆಗಳಿವೆ. ಮನೆಯಲ್ಲಿ ಬಸುರಿ ಅಕ್ಕನೋ ಅತ್ತಿಗೆಯೋ ಇದ್ದರೆ ಅದರಲ್ಲಿ ಖಾಲಿ ಬಿಟ್ಟ ಮನೆ ಎಷ್ಟಿವೆ ಎಂದು ಇವತ್ತೇ ಎಣಿಸಿ. ತೀವ್ರ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಮುಖದ ಬಾವು ಕಂಡರೆ ನಾಳೆಯವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಂತರ ಬಂದದ್ದು 2020. ಪ್ಲೇಗಿನ ಕಾಲದ 1897ರ ಅದೇ ಕಾಯ್ದೆ ಮತ್ತೆ ಹೊರಬಂತು. ಈ ಸಲ ತಪಾಸಣೆ ಫೋನಿನಲ್ಲಿ. ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರ್ಕಾರ ಮನೆಯಲ್ಲಿ ಪ್ರತ್ಯೇಕವಾಗಿರುವವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತಾಸಿಗೊಂದು ಸೆಲ್ಫಿ ಕಳಿಸಬೇಕೆಂದು 'ಕ್ವಾರಂಟೈನ್ ವಾಚ್' ಆ್ಯಪ್ ತಂದಿತು. ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯೂ ಬಹಿರಂಗವಾಯಿತು. ಏಪ್ರಿಲ್ 2ರಂದು ಕೇಂದ್ರದ 'ಆರೋಗ್ಯ ಸೇತು' ಬಂತು. ಕೆಮ್ಮು ಇದೆಯೇ, ಜ್ವರ ಇದೆಯೇ, ಉಸಿರಾಟಕ್ಕೆ ತೊಂದರೆಯೇ ಎಂದು ಅದು ಕೇಳುತ್ತಿತ್ತು, ಅದರ ಜೊತೆಗೆ ಬ್ಲೂಟೂತ್ ಮೂಲಕ ನಾವು ಯಾರ ಹತ್ತಿರ ನಿಂತೆವು ಎಂಬುದನ್ನೂ ಗುರುತಿಡುತ್ತಿತ್ತು. ಅದೇ ತಿಂಗಳು 22ರಂದು ರಾಜ್ಯದ 'ಆಪ್ತಮಿತ್ರ' ಆರಂಭವಾಯಿತು. ಅದಕ್ಕೆ ಆ್ಯಪ್ ಇದ್ದರೂ ಹಳ್ಳಿಯವರಿಗೆ ಒದಗಿದ್ದು 14410 ಎಂಬ ಫೋನ್ ಸಂಖ್ಯೆ. ಸಾದಾ ಫೋನಿನಿಂದ ಕರೆ ಮಾಡಿ ಕನ್ನಡದಲ್ಲಿ ಲಕ್ಷಣ ಹೇಳಿದರೆ ಆ ಕಡೆ ಮನುಷ್ಯರು ಇರುತ್ತಿದ್ದರು. ಹೆಸರಿಗೆ ತಕ್ಕಂತಿದ್ದದ್ದು ಇದೊಂದೇ ಎಂದು ನನ್ನ ಅಭಿಪ್ರಾಯ.

ಅದೇ ಏಪ್ರಿಲ್ 2ರ ಸುಮಾರಿಗೆ ಬೆಂಗಳೂರಿನ ಸಾದಿಕ್ ಬಡಾವಣೆಯಲ್ಲಿ ಲಕ್ಷಣಗಳ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯನ್ನು ಜನ ಸುತ್ತುವರಿದು ತಡೆದ ಘಟನೆ ನಡೆಯಿತು. ಪೌರತ್ವದ ಚರ್ಚೆಯ ಕಾವು ಆರಿರದ ದಿನಗಳು ಅವು. ಮನೆಗೆ ಬಂದು ಹೆಸರು, ಸಂಖ್ಯೆ ಕೇಳುವ ಯಾರನ್ನು ಕಂಡರೂ ನಮ್ಮ ಓಣಿಗಳಲ್ಲಿ ಅನುಮಾನವಿತ್ತು. ಅನುಮಾನಕ್ಕೆ ಕಾರಣ ಇರಬಹುದು. ಆದರೆ ಕೆಮ್ಮು ಕೇಳಲು ಬಂದ ಬಡ ಹೆಣ್ಣುಮಗಳ ಮೇಲೆ ಅದನ್ನು ತೀರಿಸಿಕೊಂಡದ್ದು ತಪ್ಪು, ಅದನ್ನು ತಪ್ಪೆಂದು ನಮ್ಮ ಪತ್ರಿಕೆಯಲ್ಲಿ ನಾವೇ ಹೇಳಬೇಕು. ಅನುಮಾನವನ್ನು ಸರಿಯಾದ ಜಾಗಕ್ಕೆ ಒಯ್ಯುವ ದಾರಿಯೂ ಇತ್ತು. ಬೆಂಗಳೂರಿನ ನಾಗರಿಕರೊಬ್ಬರು ಆರೋಗ್ಯ ಸೇತುವಿನ ವಿಷಯ ಹಿಡಿದು ಕರ್ನಾಟಕ ಹೈಕೋರ್ಟಿಗೆ ಹೋದರು. ಆ್ಯಪ್ ಇಲ್ಲವೆಂದು ಸರ್ಕಾರಿ ಸೌಲಭ್ಯ ನಿರಾಕರಿಸುವಂತಿಲ್ಲ ಎಂದು ನ್ಯಾಯಾಲಯ 2020ರಲ್ಲಿ ಹೇಳಿತು. 2021ರ ಜನವರಿ 25ರಂದು, ಬಳಸುವವರ ತಿಳುವಳಿಕೆಯ ಒಪ್ಪಿಗೆ ಇಲ್ಲದೆ ಅವರ ವಿವರಗಳನ್ನು ಬೇರೆ ಇಲಾಖೆಗಳಿಗೆ ಕೊಡಬಾರದೆಂದು ಮಧ್ಯಂತರ ಆದೇಶ ಕೊಟ್ಟಿತು. ಇದರ ಹಿಂದೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಕೊಟ್ಟ ತೀರ್ಪಿತ್ತು. ಆ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆರೋಗ್ಯ ಸೇತುವಿನ ಸಂಪರ್ಕ ಪತ್ತೆಯ ಭಾಗ 2022ರಲ್ಲಿ ನಿಂತುಹೋಯಿತು.

ಸರ್ಕಾರ ಮಾತ್ರವಲ್ಲ, ಕಂಪನಿಗಳ ವಿಷಯವೂ ಇದೆ. ಹೆಣ್ಣುಮಕ್ಕಳು ತಿಂಗಳ ದಿನಗಳನ್ನು ಗುರುತಿಡುವ 'ಫ್ಲೋ' ಎಂಬ ಆ್ಯಪ್, ಗುಟ್ಟಾಗಿಡುತ್ತೇವೆಂದು ಹೇಳಿ ವಿವರಗಳನ್ನು ಫೇಸ್‌ಬುಕ್ ಮುಂತಾದ ಕಂಪನಿಗಳಿಗೆ ಹಂಚಿಕೊಂಡಿದೆ ಎಂದು ಅಮೆರಿಕದ ವ್ಯಾಪಾರ ಆಯೋಗ ಆರೋಪಿಸಿತು. 2021ರಲ್ಲಿ ಅದು ಒಪ್ಪಂದದಲ್ಲಿ ಮುಗಿಯಿತು. ನಮ್ಮ ದೇಶದಲ್ಲಿ 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ ಕಾಯ್ದೆಯಾಗಿದೆ. ಇನ್ನು ಒಂದೇ ಫೋನಿರುವ ಮನೆಗಳಲ್ಲಿ ಫೋನು ಸಾಮಾನ್ಯವಾಗಿ ಗಂಡನ ಅಥವಾ ಮಗನ ಕೈಯಲ್ಲಿರುತ್ತದೆ. ಮಗನ ಫೋನಿನಲ್ಲಿ ತಾಯಿ ಯಾವ ಲಕ್ಷಣವನ್ನು ಒತ್ತಿಯಾಳು, ಯಾವುದನ್ನು ಬಿಟ್ಟಾಳು? ಬೆಳಗಾವಿಯ ಪರೀಕ್ಷೆಯಲ್ಲಿ ಫೋನು ಮನೆಯವರ ಕೈಯಲ್ಲಿರಲಿಲ್ಲ, ಪರಿಚಯದ ಹೆಣ್ಣುಮಗಳ ಕೈಯಲ್ಲಿತ್ತು ಎಂಬುದನ್ನು ಮರೆಯಬಾರದು.

ಆ ಹೆಣ್ಣುಮಗಳ ವಿಷಯ ಹೇಳದೆ ಈ ಇತಿಹಾಸ ಪೂರ್ತಿಯಾಗದು. ಆಶಾ ಕಾರ್ಯಕರ್ತೆಯರಿಗೆ ಸಂಬಳವಿಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಆ ಹಣವನ್ನು ಕಂಪ್ಯೂಟರ್ ಪೋರ್ಟಲಿಗೆ ಗಂಟು ಹಾಕಲಾಯಿತು. ಹತ್ತು ಮನೆ ತಿರುಗಿ ಒತ್ತಡ, ಬಾವು, ಜ್ವರ ಬರೆದು ತಂದರೂ ಪೋರ್ಟಲಿನಲ್ಲಿ ದಾಖಲಾಗದಿದ್ದರೆ ಅವಳ ಲೆಕ್ಕಕ್ಕೆ ಏನೂ ಇಲ್ಲ. 2020ರ ಜುಲೈ 10ರಿಂದ, ಕೊರೋನಾ ಏರುತ್ತಿದ್ದಾಗಲೇ, ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಮತ್ತು ಸರಿಯಾದ ಸುರಕ್ಷಾ ಸಾಮಗ್ರಿ ಕೇಳಿ ರಾಜ್ಯದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿದರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಧರಣಿ ಕೂತರು. ಏಪ್ರಿಲಿನಿಂದ ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿ ಕೈಗೆ ಬರುವಂತೆ ಮಾಡುವುದಾಗಿ ಸರ್ಕಾರ ಭರವಸೆ ಕೊಟ್ಟಿತು. ಅದು ಜಾರಿಯಾಗಲಿಲ್ಲವೆಂದು ಅದೇ ಆಗಸ್ಟ್ ತಿಂಗಳಿನಲ್ಲಿ, ಮಳೆಯಲ್ಲಿ, ಅವರು ಇನ್ನೊಮ್ಮೆ ಕೂತರು.